ಡಯಲ್ ದಾರ

ಕೆಟ್ಟಿಲ್ಲ ಅಂತಲೇ ತರುತ್ತಾಳೆ ಖೈರುನ್ನೀಸಾ,
ವರ್ಷಕ್ಕೊಂದು ಸಲ, ರಂಜಾನಿಗೆ ಹತ್ತು ದಿನ ಮುಂಚೆ,
ಟರ್ಕಿ ಟವಲಿನಲ್ಲಿ ಸುತ್ತಿ,
ಪೋಲಿಯೋ ಹನಿಗೆ ಕೂಸನ್ನು ತಂದಂತೆ.
"ಹಾಡ್ತದೆ. ಮಾತಾಡ್ತದೆ.
ಸುಮ್ನೆ ಒಂದ್ಸಲ ಒಳಗೆ ನೋಡಿಬಿಡು."

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಎದುರು ನನ್ನ ಅಂಗಡಿ:
ಮೊಬೈಲ್ ಕವರು, ಇಯರ್‌ಫೋನು, ಚಾರ್ಜರುಗಳ ತೋರಣ.
ಅಪ್ಪನ ಕಾಲದ ಸೋಲ್ಡರಿಂಗ್ ಕಡ್ಡಿ
ಈಗ ಬಿಸಿಯಾಗುವುದು ಅವಳೊಬ್ಬಳಿಗೇ.
ಅದೂ ಕೆಲಸಕ್ಕಲ್ಲ, ಮರ್ಯಾದೆಗೆ.

ಚರ್ಮದ ಅಂಗಿಯ ಗುಂಡಿ ಬಿಚ್ಚುತ್ತೇನೆ. ಟಪ್, ಟಪ್.
ನಲವತ್ತೆಂಟು ವರ್ಷದ ಹಿತ್ತಾಳೆ, ಇನ್ನೂ ಹಟ ಬಿಟ್ಟಿಲ್ಲ.
ಒಳಗಿಂದ ಬೇವಿನೆಲೆಯ ಪುಡಿ ಉದುರುತ್ತದೆ,
ಹಿಂದೆಯೇ ಒಂದು ಲವಂಗ.
ಬಿಳಿಯ ತಿರುಗಣೆ ದಂತದ ಬಣ್ಣಕ್ಕೆ ಬಂದಿದೆ, ಅಷ್ಟೆ.
ಗಾಜಿಗೆ ಗೀರಿಲ್ಲ.
ಅದರ ಹಿಂದೆ ಸಿಲೋನ್, ಲಾಹೋರ್, ದೆಹಲಿ, ಕೈರೋ
ಒಂದೇ ಓಣಿಯ ಮನೆಗಳ ಹಾಗೆ
ಗೋಡೆಗೆ ಗೋಡೆ ತಾಗಿಸಿ ಕೂತಿವೆ.

ಸೆಲ್ಲಿನ ಮನೆಯ ಮುಚ್ಚಳ ತೆಗೆದರೆ
ಸ್ಪ್ರಿಂಗಿಗೆ ಹಸಿರು ಕಿಲುಬಿಲ್ಲ.
ಎಷ್ಟು ರೇಡಿಯೋಗಳ ಕರುಳು ಸೆಲ್ಲು ಸೋರಿ ಕೊಳೆತದ್ದನ್ನು
ಈ ಮೇಜಿನ ಮೇಲೆ ಕಂಡಿದ್ದೇನೆ!
ಇವಳು ರಾತ್ರಿ ಮೂರೂ ಸೆಲ್ ಹೊರಗಿಟ್ಟು ಮಲಗುತ್ತಾಳೆ,
ಹಲ್ಲುಸೆಟ್ಟಿನ ಹಾಗೆ.
ಸೋತವನ್ನು ಕಾಂಪೌಂಡಿನ ಮೇಲೆ ಬಿಸಿಲು ಕಾಯಿಸಿ
ಇನ್ನೆರಡು ದಿನದ ವಾರ್ತೆ ಹಿಂಡಿಕೊಳ್ಳುತ್ತಾಳೆ.
ಮುಚ್ಚಳದ ಒಳಮೈಗೆ ಪೆನ್ಸಿಲಿನ ಲೆಕ್ಕ,
ಹೊಸ ಸೆಲ್ ಹಾಕಿದ ತಾರೀಖು, ಕೊಟ್ಟ ದುಡ್ಡು,
ಉರ್ದು ಅಂಕಿಯಲ್ಲಿ. ನನಗೆ ಓದಲು ಬರುವುದಿಲ್ಲ.
ಮೇಲಿಂದ ಕೆಳಕ್ಕೆ ದುಡ್ಡಿನ ಸಾಲು
ಉದ್ದವಾಗುತ್ತ ಹೋದದ್ದು ಮಾತ್ರ ಕಾಣುತ್ತದೆ.

ಅವಳ ಮನೆಯಲ್ಲಿ ಎರಡು ಥರದ ಗೂಡು.
ಬಿಸಿನೀರಲ್ಲಿ ಕುಣಿಯುವುದು, ಕಿಲೋ ಲೆಕ್ಕದ್ದು.
ಗೋಡೆಯಲ್ಲಿ ಕೊರೆದದ್ದು, ರೇಡಿಯೋದ್ದು.
ಆವಿ ಆ ಕಡೆ ಸುಳಿಯದಂತೆ ನಡುವೆ ಗೋಣಿಯ ಪರದೆ.
ಬೆಂದ ಹುಳುವಿನ ವಾಸನೆಗೆ ಪರದೆ ಯಾವ ಲೆಕ್ಕ?
ಸ್ಪೀಕರಿನ ಬಟ್ಟೆಗೆ ಮೂಗು ಹಿಡಿದರೆ
ಇವತ್ತಿಗೂ ಇದೆ,
ಸಣ್ಣಗೆ.

ಹೋದ ವರ್ಷ ಬೆಂಗಳೂರಿನಿಂದ ಒಬ್ಬ ಬಂದಿದ್ದ,
ಹಳೇ ಸಾಮಾನು ಕೊಳ್ಳುವವನು.
ನಾಲ್ಕೂ ಸ್ಕ್ರೂ ಬಿಚ್ಚಿಸಿ ಟಾರ್ಚು ಬಿಟ್ಟ.
ಎಲ್ಲ ಒರಿಜಿನಲ್ಲು, ಎಂದ. ಹದಿನಾಲ್ಕು ಸಾವಿರ, ಎಂದ.
ಆಮೇಲೆ ಅವನ ಬೆರಳು ನಿಂತಿತು:
ಇದೇನಿದು ದಾರ?

ಕಂಪನಿಯ ದಾರ ಹರಿದದ್ದು ಎಂಬತ್ಮೂರನೇ ಇಸವಿ.
ಮುಳ್ಳು ಲಾಹೋರಿನಲ್ಲಿ ಸಿಕ್ಕಿಕೊಂಡಿತ್ತಂತೆ.
ತರಿಸಬೇಕು, ತಿಂಗಳಾಗುತ್ತೆ, ಅಂದಿದ್ದನಂತೆ ನಮ್ಮಪ್ಪ ನಾರೆಪ್ಪ.
ತಿಂಗಳಾ? ಎಂದು ಎದ್ದು ಹೋದವಳು
ಎಂಟೆಂಟು ಗೂಡಿನ ಎಳೆ ಎತ್ತಿ ಬಿಚ್ಚಿದ ನೂಲು,
ಅಂಥವು ಇಪ್ಪತ್ತು ಸೇರಿಸಿ, ತೊಡೆಯ ಮೇಲೆ ಹೊಸೆದು,
ಜೇನುಮೇಣ ತಿಕ್ಕಿ,
ಸಂಜೆ ದೀಪ ಹತ್ತುವ ಮುಂಚೆ ತಂದಳು.
ಅಪ್ಪ ರಾಟೆಗೆ ಮೂರು ಸುತ್ತು ಸುತ್ತಿದ.
ಅವತ್ತಿನಿಂದ ಅದು ಸಡಿಲವಾಗಿಲ್ಲ, ಜಾರಿಲ್ಲ.

ಹಾಗಾದರೆ ಒರಿಜಿನಲ್ ಅಲ್ಲ,
ಎಂದವನು ಎರಡು ಸಾವಿರ ಇಳಿಸಿದ.
"ಮಾರಕ್ಕೆ ಇಲ್ಲಿ ಯಾರು ಕೂತವ್ರೆ?"
ಎಂದು ಅವಳು ಟವಲು ಸುತ್ತಿದಳು.

ಈ ವರ್ಷವೂ ನಾನು ಮಾಡುವುದೇನಿಲ್ಲ.
ಬ್ರಷ್ಷಿನಿಂದ ಧೂಳು ಕೊಡವುತ್ತೇನೆ, ಇಲ್ಲದ ಧೂಳು.
ತಿರುಗಣೆಯನ್ನು ಕಿರುಬೆರಳಿನಿಂದ ಮುಟ್ಟುತ್ತೇನೆ.
ಒಳಗೆ ನೂರರವತ್ತು ಹುಳುಗಳು
ಒಂದಾಗಿ ಎಳೆಯುತ್ತವೆ,
ಮುಳ್ಳು ಕೈರೋ ದಾಟಿ, ಕರಕರ ದಾಟಿ,
ಆರುನೂರ ಹನ್ನೆರಡಕ್ಕೆ ಬಂದು ಕೂರುತ್ತದೆ.
"ಬೆನ್ನು ಬೆಟ್ಟಕ್ಕೆ ಮಾಡು," ಎನ್ನುತ್ತಾಳೆ.
ಮಾಡಿದರೆ, ಹೌದು, ನೀರು ತಿಳಿಯಾದಂತೆ ದನಿ.

ಯಾರೋ ಪೇಟೆ ಧಾರಣೆ ಓದುತ್ತಿದ್ದಾರೆ.
ಶಿಡ್ಲಘಟ್ಟ, ಮಿಶ್ರತಳಿ ಗೂಡು, ಕಿಲೋಗೆ ಇಷ್ಟು.
ಖೈರುನ್ನೀಸಾ ಹತ್ತರ ನೋಟು ಮೇಜಿನ ಮೇಲಿಟ್ಟು
ರೇಡಿಯೋವನ್ನೇ ದುರುಗುಟ್ಟಿ ನೋಡಿ,
"ಸುಳ್ಳು," ಎನ್ನುತ್ತಾಳೆ,
"ಅದು ನೆನ್ನೆಯ ರೇಟು."